ಎಲೆಯ ಬಾಬ್ತು, ಸಿಟ್ಟಿನ ಬಾಬ್ತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಅಡಿಕೆ ಕೃಷಿಕರೊಬ್ಬರು 2025ರ ಜೂನ್‌ನಲ್ಲಿ ತಮ್ಮ ಅಣ್ಣನೊಂದಿಗೆ ನನ್ನಲ್ಲಿಗೆ ಸಲಹೆಗಾಗಿ ಬಂದರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿದ್ರೆಯಿಲ್ಲ, ಮನೆಯವರ ಮೇಲೆ ವಿನಾಕಾರಣ ರೇಗುತ್ತಾನೆ ಎಂಬುದು ಅಣ್ಣನ ದೂರಾಗಿತ್ತು. ಅಣ್ಣ ಹೊರಗೆ ಹೋದ ಮೇಲೆ ತಮ್ಮ ಹೇಳಿದ ಸಂಗತಿಯೇ ಬೇರೆ: ಮೊಬೈಲಿನಲ್ಲಿ ಹಣ ಕಟ್ಟಿ ಪೋಕರ್ ಆಡುತ್ತಿದ್ದ ಅವರು ಏಳು ವಾರಗಳಿಂದ ಸೋಲುತ್ತಲೇ ಬಂದು, 1,80,000 ರೂಪಾಯಿ ಕಳೆದುಕೊಂಡಿದ್ದರು. “ಅಣ್ಣನಲ್ಲಿ ಹೇಳಬೇಡಿ ಸರ್. ನಾನು ಆಟ ಬಾರದವನಲ್ಲ. ಎಕ್ಕದ ಜೋಡಿ ಹಿಡಿದೂ ಸೋತರೆ ಯಾರಿಗಾದರೂ ತಲೆ ಕೆಡುವುದಿಲ್ಲವಾ?”

ಎಕ್ಕದ ಜೋಡಿ, ಅಂದರೆ ಮೊದಲು ಸಿಗುವ ಎರಡೂ ಇಸ್ಪೀಟ್ ಎಲೆಗಳು ಎಕ್ಕವಾಗಿರುವುದು, ಸರಾಸರಿ 221 ಆಟಗಳಿಗೊಮ್ಮೆ ಕೈಗೆ ಬರುತ್ತದೆ. ಆರಂಭದಲ್ಲೇ ಎಲ್ಲ ಹಣವನ್ನೂ ಇಟ್ಟು ಅದಕ್ಕಿಂತ ಸಣ್ಣ ಜೋಡಿಯ ಎದುರು ನಿಂತರೂ ಐದರಲ್ಲಿ ಸುಮಾರು ಒಂದು ಸಲ ಸೋಲುತ್ತದೆ. ಈ ಲೆಕ್ಕ ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಆದ್ದರಿಂದ ಸಂಭವನೀಯತೆಯ ಪಾಠ ಬಿಟ್ಟು, ಅಂಥ ಒಂದು ರಾತ್ರಿಯನ್ನು ಗಂಟೆಗಂಟೆಯಾಗಿ ಬಿಡಿಸಿ ಹೇಳಲು ಕೇಳಿದೆ.

ಹನ್ನೊಂದು ಗಂಟೆಗೆ 5-10ರ ಮೇಜಿನಲ್ಲಿ, ಅಂದರೆ ಪ್ರತಿ ಆಟದ ಆರಂಭದಲ್ಲಿ ಇಬ್ಬರು 5 ಮತ್ತು 10 ರೂಪಾಯಿ ಇಡಲೇಬೇಕಾದ ಮೇಜಿನಲ್ಲಿ, ಎಕ್ಕಗಳು ಸೋತು 1,000 ರೂಪಾಯಿ ಹೋಯಿತು. ಕಿವಿ ಬಿಸಿಯಾಯಿತು, ಕಾಲು ಅಲುಗತೊಡಗಿತು. ಕಳೆದದ್ದನ್ನು ಬೇಗ ಹಿಂದಕ್ಕೆ ತರಬೇಕೆಂದು ಅವರು 25-50ರ ಮೇಜಿಗೆ ಹೋದರು. ಬೇರೆ ದಿನಗಳಲ್ಲಾದರೆ ನೋಡಿದೊಡನೆ ಕೆಳಗಿಡುತ್ತಿದ್ದ ಎಲೆಗಳನ್ನೂ ಹಿಡಿದು ಆಡಿದರು. ಎರಡು ಗಂಟೆಯ ಹೊತ್ತಿಗೆ ಇನ್ನೂ 20,000 ಹೋಗಿತ್ತು. ಪೋಕರ್ ಆಡುವವರು ಟಿಲ್ಟ್ ಎನ್ನುವುದು ಇದನ್ನೇ.

ನೋಟ್‌ಬುಕ್ಕಿನಲ್ಲಿ ಎರಡು ಬಾಬ್ತು ಬರೆಯಲು ಸಲಹೆಯಿತ್ತೆ: ಸರಿಯಾಗಿ ಆಡಿಯೂ ಹೋದದ್ದು ಎಲೆಯದು, ಕಿವಿ ಬಿಸಿಯಾದ ಮೇಲೆ ಹೋದದ್ದು ಸಿಟ್ಟಿನದು. ಒಂದು ವಾರ ಬಿಟ್ಟು ಬಂದಾಗ, ನೆನಪಿದ್ದಷ್ಟು ರಾತ್ರಿಗಳನ್ನು ವಿಂಗಡಿಸಿದ್ದರು. ಮುಕ್ಕಾಲು ಪಾಲು ಎರಡನೆಯ ಬಾಬ್ತಿನಲ್ಲಿತ್ತು. ಅದೃಷ್ಟವನ್ನು ಬೈಯುತ್ತಿದ್ದವರು ಆ ದಿನ ಹೆಚ್ಚು ಮಾತಾಡಲಿಲ್ಲ.

ಅಡಿಕೆಗೆ ಮಹಾಳಿ (ಕೊಳೆರೋಗ) ಬಂದು ಅರ್ಧ ಫಸಲು ಉದುರಿದ ವರ್ಷ ಅದೇ ರಾತ್ರಿ ಸಾಲ ಮಾಡಿ ಇನ್ನೊಂದು ತೋಟ ಕೊಂಡಿರಾ ಎಂದು ಕೇಳಿದೆ. ನಕ್ಕರು. ನಂತರದ ಸಲಹೆಗಳು ಸರಳವಾಗಿದ್ದವು: ಕಿವಿ ಬಿಸಿಯಾದದ್ದು ತಿಳಿದೊಡನೆ ಮೊಬೈಲನ್ನು ಒಳಗಿಟ್ಟು ಜಗಲಿಗೆ ಬರುವುದು, ಊಟವಾದ ಮೇಲೆ ಆಡದಿರುವುದು, ಸಾಲದ ಆ್ಯಪ್‌ಗಳನ್ನು ತೆಗೆದುಹಾಕುವುದು, ಬ್ಯಾಂಕ್ ಖಾತೆಯನ್ನು ಪತ್ನಿಯ ಕೈಗೊಪ್ಪಿಸುವುದು. ಕೊನೆಯದಕ್ಕೆ ಮೊತ್ತವನ್ನು ಪತ್ನಿಗೆ ಹೇಳಲೇಬೇಕಿತ್ತು. ಅದಕ್ಕೇ ಮೂರು ಭೇಟಿಗಳು ಹಿಡಿದವು. ಆಟವನ್ನೇ ಬಿಡಿ ಎಂದು ಮೊದಲ ದಿನವೇ ಹೇಳಬಹುದಿತ್ತು. ಆದರೆ ಹಾಗೆ ಹೇಳಿಸಿಕೊಂಡ ಇಬ್ಬರು ಹಿಂದೆ ನನ್ನಲ್ಲಿಗೆ ಮತ್ತೆ ಬಂದಿರಲಿಲ್ಲ.

ಆಗಸ್ಟ್ 22ರಂದು, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಮೇಜುಗಳು ಮುಚ್ಚಿದವು. ಅವರಿಗೆ ನೆಮ್ಮದಿಯಾಗಿರಬಹುದೆಂದು ನಾನು ಭಾವಿಸಿದ್ದು ತಪ್ಪಾಯಿತು. “ಇನ್ನು ಅದನ್ನು ಎಲ್ಲಿಂದ ಹಿಂದಕ್ಕೆ ತರುವುದು?” ಎಂದು ಅತ್ತರು. ಸೋಲಿನುದ್ದಕ್ಕೂ ಅವರನ್ನು ಮೇಜಿಗೆ ಎಳೆದದ್ದು ಹಣಕ್ಕಿಂತ ಹೆಚ್ಚಾಗಿ ಆ ಮುಗಿಯದ ಲೆಕ್ಕವೇ ಎಂಬುದು ನನಗೂ ಅಂದೇ ಸ್ಪಷ್ಟವಾಯಿತು. ಬೇರೆ ಕಳ್ಳ ಆ್ಯಪ್‌ಗಳನ್ನು ಹುಡುಕಬೇಡಿ, ರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ ಎಂದೆ. ಒಟ್ಟು ಮೊತ್ತದ ಕೆಳಗೆ ಗೆರೆ ಎಳೆದು ದಿನಾಂಕ ಹಾಕಲು ಹೇಳಿದಾಗ ಒಪ್ಪಲಿಲ್ಲ. ಮುಂದಿನ ಭೇಟಿಗೆ ಗೆರೆ ಎಳೆದುಕೊಂಡು ಬಂದಿದ್ದರು, ಪಕ್ಕದಲ್ಲಿ ಪತ್ನಿಯ ಸಹಿಯೂ ಇತ್ತು.

ನಿದ್ರೆ ಈಗ ಐದು ಗಂಟೆ ಬರುತ್ತಿದೆ. ಮಳೆ ಬಿಡದ ಕಾರಣ ತೋಟಕ್ಕೆ ಮೂರನೆಯ ಮದ್ದು ಬಿಡುವುದಿದೆಯೆಂದು ಮುಂದಿನ ಭೇಟಿಯನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಂಡಿದ್ದಾರೆ.