ಸ್ಕಾಟ್ಲೆಂಡಿನ ಬಾರಾ ದ್ವೀಪಕ್ಕೆ ಬೆಳಿಗ್ಗೆ ಹೋಗಿ ಬಂದು, ಅದೇ ಸಂಜೆ ಗ್ಲಾಸ್ಗೋದಿಂದ ಬೆಂಗಳೂರಿಗೆ ಹೊರಡಬಹುದಾ?

ಟೈಮ್‌ಟೇಬಲ್ ಪ್ರಕಾರ ಆಗುತ್ತೆ. ನಾನೂ ಹಾಗೇ ಲೆಕ್ಕ ಹಾಕಿದ್ದೆ.

ಅಪ್ಪ ಅಮ್ಮ ಊರಿಂದ ಬಂದಿದ್ದರು. ಸಮುದ್ರದ ದಂಡೆ ಮೇಲೆ ಇಳಿಯುವ ವಿಮಾನದಲ್ಲಿ ಕೂರಬೇಕು ಅಂತ ಅಪ್ಪನ ಹಟ. ಅವರು ವಾಪಸ್ ಹೊರಡುವ ದಿನವೇ ಸೀಟು ಸಿಕ್ಕಿತು. ಗ್ಲಾಸ್ಗೋದಿಂದ ಬಾರಾಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಮಧ್ಯಾಹ್ನಕ್ಕೆ ಬಂದುಬಿಡ್ತೀವಿ, ಸಂಜೆ ಲಂಡನ್ ಮೇಲೆ ಬೆಂಗಳೂರಿಗೆ ಹತ್ತಿಸಿದರಾಯ್ತು ಅಂತ ಅವರ ಸೂಟ್‌ಕೇಸೆಲ್ಲ ಕಾರಲ್ಲೇ ಇಟ್ಟು, ಕಾರನ್ನು ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋದೆವು.

ಹೋಗುವಾಗ ಏನೂ ತೊಂದರೆಯಿಲ್ಲ. ಟ್ವಿನ್ ಆಟರ್ ವಿಮಾನ, 19 ಸೀಟು. ಗಗನಸಖಿ ಇಲ್ಲ, ಕೋ-ಪೈಲಟ್ಟೇ ಹಿಂದೆ ತಿರುಗಿ ಸುರಕ್ಷತೆಯ ಮಾತು ಹೇಳಿ ಮತ್ತೆ ಮುಂದೆ ತಿರುಗುತ್ತಾರೆ. ಟಾಯ್ಲೆಟ್ಟೂ ಇಲ್ಲ, ಮನೇಲಿ ಹಿರಿಯರಿದ್ದರೆ ಮೊದಲೇ ಹೇಳಿಬಿಡಿ. ಕಾಕ್‌ಪಿಟ್‌ಗೆ ಬಾಗಿಲಿಲ್ಲದ್ದರಿಂದ ಮುಂದಿನ ಗಾಜಿನಲ್ಲಿ ದಂಡೆ ಹತ್ತಿರ ಬರುವುದು ಕಾಣುತ್ತೆ. ಟ್ರಾಯ್ ವೋರ್ ಅನ್ನೋ ಆ ದಂಡೆ ಮೇಲೆ ಮೂರು ರನ್‌ವೇ, ಗುರುತಿಗೆ ಮರದ ಕಂಬಗಳು. ಉಬ್ಬರ ಬಂದರೆ ಮೂರೂ ನೀರಿನಡಿ.

ನಾನು ಎಡವಿದ್ದು ಇಲ್ಲೇ. ನನಗಿದ್ದ ಭಯವೆಲ್ಲ ಉಬ್ಬರದ್ದು. ಮದುವೆಗೆ ಮುಹೂರ್ತ ನೋಡುವ ಹಾಗೆ ಆ ದಿನದ ಉಬ್ಬರ ಇಳಿತದ ಪಟ್ಟಿ ತೆಗೆದು, ವಾಪಸ್ ವಿಮಾನದ ಹೊತ್ತಿಗೆ ಮರಳು ಒಣಗಿರುತ್ತೆ ಅಂತ ಖಾತ್ರಿ ಮಾಡಿಕೊಂಡು ನಿಶ್ಚಿಂತೆಯಾಗಿದ್ದೆ. ಎಂಥ ದಡ್ಡತನ ನೋಡಿ. ಉಬ್ಬರ ಯಾವಾಗ ಅಂತ ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತೆ, ಟೈಮ್‌ಟೇಬಲ್ ಮಾಡುವುದೇ ಅದನ್ನು ನೋಡಿಕೊಂಡು, ಅಂದ್ರೆ ನಾನು ಕೂತು ಲೆಕ್ಕ ಹಾಕಿದ್ದು ಆಗಲೇ ಬೇರೆಯವರು ಹಾಕಿ ಮುಗಿಸಿದ್ದ ಲೆಕ್ಕ. ಮೊದಲೇ ಗೊತ್ತಾಗದೆ ಇರುವುದು ಅಟ್ಲಾಂಟಿಕ್‌ನ ಮೋಡ, ಮಂಜು, ಅಡ್ಡಗಾಳಿ. ಅದರ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ಮಧ್ಯಾಹ್ನ ಮೋಡ ತಗ್ಗಿಗೆ ಬಂತು. ಮರಳು ಒಣಗೇ ಇತ್ತು, ವಿಮಾನ ಬರಲಿಲ್ಲ.

ಇನ್ನೊಂದು, ಎರಡೂ ಬೇರೆ ಬೇರೆ ಟಿಕೆಟ್. ಬ್ರಿಟನ್ನಿನ ನಿಯಮದ ಪ್ರಕಾರ ವಿಮಾನ ರದ್ದಾದರೆ ಆ ಕಂಪನಿ ಬೇರೆ ವ್ಯವಸ್ಥೆ ಮಾಡಬೇಕು ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ಅವರ ಮುಂದಿನ ವಿಮಾನಕ್ಕೆ ಕಾಯುತ್ತೀವಿ ಅಂದರೆ ಊಟ, ವಸತಿಯೂ ಅವರದ್ದೇ. ಆದರೆ ಹವಾಮಾನ ಕೆಟ್ಟಿದ್ದಕ್ಕೆ ಪರಿಹಾರ ಸಿಗಲ್ಲ, ನೀವು ಬೇರೆ ಕಡೆ ಕೊಂಡ ಬೆಂಗಳೂರಿನ ಟಿಕೆಟ್‌ಗೂ ಅವರಿಗೂ ಸಂಬಂಧವೇ ಇಲ್ಲ. ಅಪ್ಪ ಅಮ್ಮನಿಗೆ ಹೊಸ ಟಿಕೆಟ್ ಕೊಂಡೆ, ಅದೂ ಕೊನೆ ಗಳಿಗೆಯ ರೇಟಿನಲ್ಲಿ. ಬೆಲೆ ಕೇಳಬೇಡಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಆ ವಿಮಾನ ಜಾತ್ರೆಯ ತೊಟ್ಟಿಲಲ್ಲ. ಅಲ್ಲಿನವರು ಗ್ಲಾಸ್ಗೋ ಆಸ್ಪತ್ರೆಗೆ ಹೋಗುವುದು ಅದರಲ್ಲೇ, ಸ್ಕಾಟ್ಲೆಂಡ್ ಸರ್ಕಾರ ದುಡ್ಡು ಹಾಕಿ ಓಡಿಸುವುದೂ ಅವರಿಗಾಗಿ. ಸುಮ್ನೆ ವಿಡಿಯೊ ಮಾಡಿಕೊಳ್ಳಲು ಅದೇ ದಿನ ಹೋಗಿ ಬರುವುದಾದರೆ ಹೋಗಲೇಬೇಡಿ. ಹೋಗುವುದಾದರೆ ಎರಡು ರಾತ್ರಿಯಾದರೂ ಇರಿ, ಅದನ್ನೂ ಪ್ರವಾಸದ ಶುರುವಿನಲ್ಲೇ ಇಟ್ಟುಕೊಳ್ಳಿ. ಕೊನೆಯ ದಿನಕ್ಕಂತೂ ಬೇಡವೇ ಬೇಡ.

ಫೆರಿ ಆದರೆ ಸೇಫಾ ಅಂತಲೂ ಕೇಳಿದ್ದೀರಿ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಓಬನ್‌ನಿಂದ ಬಾರಾದ ಬಂದರು ಕ್ಯಾಸಲ್‌ಬೇಗೆ ಹತ್ತಿರ ಹತ್ತಿರ ಐದು ಗಂಟೆ. ಗಾಳಿ ಜೋರಾದರೆ ಅದೂ ರದ್ದು. ಸಿಕ್ಕಿಹಾಕಿಕೊಂಡರೆ ಇನ್ನೊಂದು ದಾರಿಯಿದೆ, ಅವತ್ತು ನನಗೆ ಗೊತ್ತಿರಲಿಲ್ಲ. ಬಾರಾದಿಂದ ಪಕ್ಕದ ಎರಿಸ್ಕೇ ದ್ವೀಪಕ್ಕೆ ಚಿಕ್ಕ ಫೆರಿ, ಸುಮಾರು 40 ನಿಮಿಷ. ಅಲ್ಲಿಂದ ರಸ್ತೆಯಲ್ಲೇ ಉತ್ತರದ ಬೆನ್‌ಬೆಕ್ಯುಲಾ ದ್ವೀಪಕ್ಕೆ ಹೋಗಬಹುದು. ಅಲ್ಲಿ ಡಾಂಬರಿನ ರನ್‌ವೇ ಇದೆ, ಗ್ಲಾಸ್ಗೋಗೆ ವಿಮಾನವೂ ಇದೆ. ಬುಕ್ ಮಾಡುವ ಮೊದಲು ಅದರ ಟೈಮನ್ನೂ ಬರೆದಿಟ್ಟುಕೊಳ್ಳಿ.