ಓದುಗರ ಪ್ರಶ್ನೆ: ಹ್ಯೂಸ್ಟನ್ನಿನ ಗ್ಯಾಲೆರಿಯಾ ಬೆಳೆದ ಬಗೆ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಹೋಗಿದ್ದಾಗ ಅಲ್ಲಿಯ ‘ಗ್ಯಾಲೆರಿಯಾ’ ಸಂಕೀರ್ಣವನ್ನು ನೋಡಿದೆವು. ನೂರಾರು ಮಳಿಗೆಗಳು, ಎರಡು ದೊಡ್ಡ ಹೋಟೆಲುಗಳು, ಕಚೇರಿಗಳು, ನಡುವೆ ಹಿಮದ ಮೇಲೆ ಜಾರಾಡುವ ಅಂಗಳ, ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿವೆ. ಇದನ್ನು ಕಟ್ಟಿಸಿದವರು ಯಾರು? ಮೊದಲು ಕಟ್ಟಿದ ಭಾಗ ಯಾವುದು? ನಮ್ಮ ಲ್ಯಾನ್ಸ್‌ಡೌನ್ ಕಟ್ಟಡವನ್ನು ಇದಕ್ಕೆ ಹೋಲಿಸಬಹುದೇ?
– ನಿವೃತ್ತ ಅಧ್ಯಾಪಕಿ, ಸರಸ್ವತಿಪುರಂ, ಮೈಸೂರು

ಉತ್ತರ: ಗ್ಯಾಲೆರಿಯಾವನ್ನು ಕಟ್ಟಿಸಿದವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕಟ್ಟಡಗಳ ವ್ಯವಹಾರಕ್ಕೆ ಇಳಿದ ಜೆರಾಲ್ಡ್ ಹೈನ್ಸ್ (1925–2020). ವಿನ್ಯಾಸ ಎಚ್‌ಒಕೆ ಎಂಬ ವಾಸ್ತುಶಿಲ್ಪ ಸಂಸ್ಥೆಯ ಗ್ಯೋ ಒಬಾಟಾ ಅವರದು. ಸಂಕೀರ್ಣದ ನೀಮನ್ ಮಾರ್ಕಸ್ ಎಂಬ ದೊಡ್ಡ ಮಳಿಗೆ 1969ರಲ್ಲೇ ಬಾಗಿಲು ತೆರೆಯಿತು. ಉಳಿದ ಭಾಗ 1970ರ ನವೆಂಬರಿನಲ್ಲಿ, ಸುಮಾರು 6 ಲಕ್ಷ ಚದರ ಅಡಿಯ ಸಂಕೀರ್ಣವಾಗಿ ಆರಂಭವಾಯಿತು.

ಹೋಟೆಲು ಮತ್ತು ಅಂಗಡಿಗಳನ್ನು ಕೂಡಿಸುವ ಯೋಚನೆ ಆ ಊರಿಗೆ ಹೊಸದೇನೂ ಆಗಿರಲಿಲ್ಲ. ತೈಲೋದ್ಯಮಿ ಗ್ಲೆನ್ ಮೆಕಾರ್ಥಿ 1949ರಲ್ಲಿ ನಗರದ ಹಳೆಯ ಕೇಂದ್ರದಿಂದ ದೂರದಲ್ಲಿ ಶಾಮ್ರಾಕ್ ಎಂಬ ವೈಭವದ ಹೋಟೆಲನ್ನು ತೆರೆದಾಗ ಅದರ ಮಗ್ಗುಲಿಗೇ ದೊಡ್ಡ ವ್ಯಾಪಾರ ಕೇಂದ್ರವೊಂದನ್ನು ಕಟ್ಟುವ ಉದ್ದೇಶವೂ ಅವರಿಗಿತ್ತು. ಅದು ಕೈಗೂಡಲಿಲ್ಲ; ಕೆಲವೇ ವರ್ಷಗಳಲ್ಲಿ ಹೋಟೆಲೂ ಅವರ ಕೈತಪ್ಪಿತು, 1987ರಲ್ಲಿ ಆ ಕಟ್ಟಡವನ್ನೇ ಕೆಡವಿದರು.

ಹೈನ್ಸ್ ಅವರು ಮಾದರಿಯಾಗಿ ಇಟ್ಟುಕೊಂಡದ್ದು, ಹೆಸರನ್ನೂ ಪಡೆದದ್ದು, ಇಟಲಿಯ ಮಿಲಾನ್ ನಗರದ ಗ್ಯಾಲೆರಿಯಾ ವಿಟ್ಟೋರಿಯೊ ಇಮಾನ್ಯುಯೆಲೆಯಿಂದ. ಅಲ್ಲಿಯ ದೊಡ್ಡ ಚರ್ಚಿನ ಚೌಕದಿಂದ ಲಾ ಸ್ಕಾಲಾ ರಂಗಮಂದಿರದ ಕಡೆಗೆ ಹೋಗುವ ದಾರಿಯ ಮೇಲೆ ಕಬ್ಬಿಣ ಮತ್ತು ಗಾಜಿನ ಕಮಾನು ಹೊದಿಸಿ, ಎರಡು ಬದಿಗೂ ಅಂಗಡಿ, ಕಾಫಿ ಮನೆಗಳನ್ನಿಟ್ಟ ಆ ಕಟ್ಟಡಕ್ಕೆ 1865ರಲ್ಲಿ ಅಡಿಗಲ್ಲು ಬಿದ್ದು, 1867ರಲ್ಲಿ, ಕೆಲಸ ಇನ್ನೂ ಬಾಕಿ ಇರುವಾಗಲೇ ಉದ್ಘಾಟನೆಯಾಯಿತು. ಅದರ ವಾಸ್ತುಶಿಲ್ಪಿ ಜುಸೆಪ್ಪೆ ಮೆಂಗೋನಿ 1877ರ ಡಿಸೆಂಬರ್ 30ರಂದು, ಮುಂಭಾಗದ ಮಹಾಕಮಾನು ಇನ್ನೇನು ಮುಗಿಯಬೇಕು ಎನ್ನುವಾಗ, ಸಾರುವೆಯಿಂದ ಬಿದ್ದು ತೀರಿಕೊಂಡರು. ತನ್ನ ಕೆಲಸ ಪೂರ್ಣವಾದುದನ್ನು ಕಾಣಲಾಗದೆ ಹೋದ ಆ ಮನುಷ್ಯನನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಮಿಲಾನಿನಲ್ಲಿ ಇದ್ದ ಬೀದಿಗಳ ನಡುವೆ ಸೂರು ಬಂತು. ಕಾರುಗಳನ್ನೇ ನಂಬಿದ ಹ್ಯೂಸ್ಟನ್ನಿನಲ್ಲಿ, ಅದೂ ಬೇಸಿಗೆಯ ಸೆಕೆ ತಾಳಲಾಗದ ಊರಿನಲ್ಲಿ, ಸೂರಿನ ಕೆಳಗೆ ಬೀದಿಯನ್ನೇ ಹೊಸದಾಗಿ ಸೃಷ್ಟಿಸಬೇಕಾಯಿತು. ನನ್ನ ದೃಷ್ಟಿಯಲ್ಲಿ ಹೈನ್ಸ್ ಅವರ ನಿಜವಾದ ಜಾಣ್ಮೆ ಇರುವುದು ಹೊತ್ತಿನ ಲೆಕ್ಕದಲ್ಲಿ. ಕಚೇರಿಯವರು ಹಗಲು ಬರುತ್ತಾರೆ, ಕೊಳ್ಳುವವರು ಸಂಜೆ ಮತ್ತು ವಾರದ ಕೊನೆಯಲ್ಲಿ ಹೆಚ್ಚು, ಹೋಟೆಲಿನ ಅತಿಥಿಗಳು ರಾತ್ರಿಗೆ. ಹೀಗಾಗಿ ವಾಹನ ನಿಲ್ಲಿಸುವ ಅದೇ ಜಾಗ ಮೂವರಿಗೂ ಸರದಿಯ ಮೇಲೆ ಒದಗುತ್ತದೆ, ಒಬ್ಬರಿಗಾಗಿ ಬಂದವರು ಇನ್ನೊಬ್ಬರ ಗಿರಾಕಿಯೂ ಆಗುತ್ತಾರೆ. ಜಾರಾಟದ ಅಂಗಳವನ್ನು ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಇಟ್ಟದ್ದೂ ಇಂಥದೇ ವಿವೇಕ. ನೆಲಮಟ್ಟದಿಂದ ಕೆಳಗಿರುವ ಮಳಿಗೆಗೆ ಸಾಮಾನ್ಯವಾಗಿ ಬಾಡಿಗೆದಾರರು ಸಿಗುವುದು ಕಷ್ಟ. ಆದರೆ ಮೇಲಿನ ಅಂತಸ್ತುಗಳ ಕಟಕಟೆಗೆ ಒರಗಿ ಮಕ್ಕಳ ಆಟ ನೋಡುವವರು ತಾವಾಗಿಯೇ ಕೆಳಗಿಳಿದು ಬರುತ್ತಾರೆ. ಬಾಡಿಗೆ ತರಬಹುದಾಗಿದ್ದ ಅಷ್ಟು ಜಾಗವನ್ನು ಬಿಟ್ಟುಕೊಟ್ಟು ಸುತ್ತಲಿನ ಜಾಗದ ಬೆಲೆಯನ್ನು ಅವರು ಹೆಚ್ಚಿಸಿಕೊಂಡರು. ಛಾವಣಿಯ ಮೇಲೆ ಓಡುವವರಿಗೊಂದು ಪಥವನ್ನೂ ಮಾಡಿಸಿದ್ದರು.

ಹ್ಯೂಸ್ಟನ್ ಓಕ್ಸ್ ಎಂಬ ಮೊದಲ ಹೋಟೆಲು 1971ರಲ್ಲಿ ಬಂತು, ಎರಡನೆಯದು 1977ರ ವಿಸ್ತರಣೆಯೊಂದಿಗೆ; ಎರಡೂ ಈಗ ವೆಸ್ಟಿನ್ ಹೆಸರಿನಲ್ಲಿವೆ. 1986 ಮತ್ತು 2003ರಲ್ಲಿ ಸಂಕೀರ್ಣ ಮತ್ತೆ ಬೆಳೆದು, ಮಳಿಗೆಗಳ ವಿಸ್ತೀರ್ಣ ಇಂದು ಸುಮಾರು 24 ಲಕ್ಷ ಚದರ ಅಡಿಯಾಗಿದೆ.

ನಮ್ಮ ಲ್ಯಾನ್ಸ್‌ಡೌನ್ ಕಟ್ಟಡದ ವಿಚಾರಕ್ಕೆ ಬರೋಣ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದುದರ ನೆನಪಿಗೆ 1892ರಲ್ಲಿ ಎದ್ದ ಈ ಕಟ್ಟಡ ಮೆಂಗೋನಿಯವರ ಸಾವಿನ ಹದಿನೈದು ವರ್ಷಗಳ ನಂತರದ್ದು. ಬಿಸಿಲು ಮಳೆಗಳಿಂದ ಗಿರಾಕಿಯನ್ನು ಕಾಯುವ ಮೊಗಸಾಲೆ ಮತ್ತು ಅದಕ್ಕೆ ತೆರೆದುಕೊಂಡ ಸಾಲುಮಳಿಗೆಗಳ ಮಟ್ಟಿಗೆ ಹೋಲಿಕೆ ಸಲ್ಲುತ್ತದೆ. ಆದರೆ ಹ್ಯೂಸ್ಟನ್ನಿನಲ್ಲಿ ತಂಗುದಾಣ ಸೂರಿನ ಒಳಗೇ ಇದೆ; ಇಲ್ಲಿ ದೇವರಾಜ ಮಾರುಕಟ್ಟೆ, ನಂಜರಾಜ ಬಹದ್ದೂರ್ ಛತ್ರ, ಹೋಟೆಲುಗಳು ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇರೆ ಬೇರೆ ನಿಂತು, ನಡುವಿನ ಬೀದಿ ಎಲ್ಲರದೂ ಆಗಿ ಉಳಿದಿದೆ. ನನಗೆ ಪ್ರಿಯವಾದದ್ದು ಈ ಎರಡನೆಯ ಬಗೆಯೇ. ಆದುದರಿಂದಲೇ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು, 2016ರಲ್ಲಿ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿದ್ದು ಇಂದಿಗೂ ನೋಯಿಸುತ್ತವೆ.

ಮೊದಲು ಕಟ್ಟಿದ ಭಾಗವನ್ನು ಗುರುತಿಸುವುದು ಸುಲಭ. ಮುಂದೆ ತಾವು ಅಲ್ಲಿಗೆ ಹೋದಾಗ ಹಿಮದ ಅಂಗಳದ ಪಕ್ಕ ನಿಂತು ಮೇಲೆ ನೋಡಿ. ಉದ್ದಕ್ಕೆ ಚಾಚಿದ ಆ ಗಾಜಿನ ಕಮಾನು ಮತ್ತು ಅದರ ಸುತ್ತಲಿನ ಅಂತಸ್ತುಗಳೇ 1970ರ ಗ್ಯಾಲೆರಿಯಾ.