ರೈಲು ಬಾರದಿದ್ದರೆ ಅಮೆರಿಕದ ಹುಲ್ಲುಗಾವಲಿನ ಹೊಸ ಊರುಗಳಿಗೆ ಏನಾಗುತ್ತಿತ್ತು?

ಬಹಳಷ್ಟು ಊರುಗಳು ಬರಿದಾದವು. ನನಗೆ ಮೊದಲು ನೆನಪಾಗುವುದು ಕ್ಯಾನ್ಸಸ್ ರಾಜ್ಯದ ನಿಕೋಡೆಮಸ್.

ಇದು 1877ರಲ್ಲಿ ಹುಟ್ಟಿದ ಊರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಸ್ವಂತ ಜಮೀನಿನ ಆಸೆಯಿಂದ ಕೆಂಟಕಿಯಿಂದ ಬಂದರು. ಎಲ್ಲಿಸ್ ಎಂಬಲ್ಲಿ ರೈಲಿಳಿದು ಇನ್ನೂ ಸುಮಾರು 55 ಕಿ.ಮೀ. ಹೋಗಬೇಕಿತ್ತು. ಸುತ್ತ ಮರವೇ ಇಲ್ಲದ ಬಯಲು. ಮನೆಗೆ ತೊಲೆ ಎಲ್ಲಿಂದ ತರುವುದು? ನೆಲವನ್ನೇ ತೋಡಿ ಅದರೊಳಗೆ ಬದುಕಿದರು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ 'ಊರೆಲ್ಲಿ?' ಎಂದು ಕೇಳಿದಾಗ, ಗಂಡ ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರು. ಆಕೆ ಅತ್ತುಬಿಟ್ಟರು. ಇದನ್ನು ಓದಿದಾಗಲೆಲ್ಲ ನನಗೂ ಕರುಳು ಚುರುಕ್ ಎನ್ನುತ್ತದೆ. ಮೊದಲ ಚಳಿಗಾಲದಲ್ಲಿ ಓಸೇಜ್ ಬುಡಕಟ್ಟಿನ ಬೇಟೆಗಾರರು ತಮ್ಮ ಆಹಾರ ಹಂಚಿಕೊಂಡಿದ್ದರಿಂದ ಜೀವ ಉಳಿಯಿತು.

ಹತ್ತೇ ವರ್ಷದಲ್ಲಿ ಅಂಗಡಿ, ಹೋಟೆಲ್, ಬ್ಯಾಂಕ್, ಶಾಲೆ, ಪತ್ರಿಕೆ ಎಲ್ಲವೂ ಬಂದವು. ರೈಲೊಂದು ಬಂದರೆ ಸಾಕಿತ್ತು, ಅಲ್ವಾ? ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆತರಲು 16,000 ಡಾಲರ್ ಬಾಂಡ್‌ಗೂ ಊರಿನವರು ಒಪ್ಪಿದರು. ಅದು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಹಳಿ ಹಾಕಿತು, ಆದರೆ ಸಾಲೊಮನ್ ನದಿಯ ಆಚೆ ದಡದಲ್ಲಿ. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ವ್ಯಾಪಾರಿಗಳು ಅಂಗಡಿ ಸಮೇತ ಅಲ್ಲಿಗೇ ಹೊರಟರು.

ನಿಕೋಡೆಮಸ್ ಕುಗ್ಗಿತು, ಅಳಿಯಲಿಲ್ಲ. 1996ರಿಂದ ಅದು ರಾಷ್ಟ್ರೀಯ ಐತಿಹಾಸಿಕ ತಾಣ. ಆ ಮೊದಲ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳ ಪೀಳಿಗೆಯವರು ಈಗಲೂ ಪ್ರತಿ ಬೇಸಿಗೆಯಲ್ಲಿ ಹಬ್ಬಕ್ಕೆ ಊರಿಗೆ ಬರುತ್ತಾರೆ.